ಕಪ್ಪು ಗಾಜು ತಂಪಲ್ಲ ಎನ್ನುವ ಶಿಯಾ ಅಕ್ಕ

ಬೆಳಗಿನ ಐದು ಗಂಟೆ. ಗಾಂಗ್‌ಶಾನ್ ಪೇಟೆಯ ಹಳೆಯ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಸ್ಕೂಟರುಗಳ ಸದ್ದು ಇನ್ನೂ ಶುರುವಾಗಿಲ್ಲ. ಅರ್ಧ ಎತ್ತಿದ ಷಟರಿನ ಕೆಳಗೆ ಬಗ್ಗಿ ಒಳಹೋಗುವ ತು ಬೀಶಿಯಾ ಮೊದಲು ಮಾಡುವ ಕೆಲಸವೆಂದರೆ ನೆಲಕ್ಕೆಲ್ಲ ನೀರು ಹೊಯ್ಯುವುದು. ಇದು ಶುಚಿಗಾಗಿ ಅಲ್ಲ, ಧೂಳು ಏಳದಿರಲಿ ಎಂದು. ಗೋಡೆಯ ಮೇಲಿನ ದೊಡ್ಡ ಫ್ಯಾನನ್ನು ಅವರು ಮುಟ್ಟುವುದೇ ಇಲ್ಲ. ಗಾಳಿ ಆಡಿದರೆ ಧೂಳು ಹಾರಿ ಕಾರಿನ ಗಾಜಿಗೂ ಅದಕ್ಕೆ ಅಂಟಿಸುವ, ಬಿಸಿಲು ತಡೆಯುವ ಫಿಲ್ಮಿಗೂ ನಡುವೆ ಕೂರುತ್ತದೆ, ಒಮ್ಮೆ ಕೂತರೆ ಆ ಕಾರು ಗುಜರಿಗೆ ಹೋಗುವವರೆಗೂ ಅಲ್ಲೇ ಇರುತ್ತದೆ. ಹಾಗಾಗಿ ಊರಿನ ಕಾರುಗಳಿಗೆಲ್ಲ ತಂಪು ಹಂಚುವ ಈ ಅಂಗಡಿಯೊಳಗೆ ಉಸಿರು ಕಟ್ಟುವಂಥ ಸೆಕೆ.

ಬಿಳಿಯ ಹೊಸ ಕಾರೊಂದು ನಿನ್ನೆ ಸಂಜೆಯಿಂದ ಒಳಗೆ ನಿಂತಿದೆ. ಸೀಟುಗಳ ಪ್ಲಾಸ್ಟಿಕ್ಕು ಇನ್ನೂ ತೆಗೆದಿಲ್ಲ. ಬೀಶಿಯಾ ಮುಂದಿನ ಗಾಜಿನ ಹೊರಮೈಗೆ ಸಾಬೂನು ನೀರು ಸಿಂಪಡಿಸಿ, ಫಿಲ್ಮ್ ಹಾಸಿ, ಅದರ ಮೇಲೆ ಬಿಸಿಗಾಳಿ ಊದುವ ಗನ್ನನ್ನು ನಿಧಾನವಾಗಿ ಆಡಿಸುತ್ತಾರೆ. ಅಂಚಿನಲ್ಲಿ ಎದ್ದು ನಿಂತ ಸುಕ್ಕುಗಳು ಒಂದೊಂದಾಗಿ ಮುದುಡಿ ಗಾಜಿನ ಬಾಗಿಗೆ ಒಗ್ಗಿಕೊಳ್ಳುತ್ತವೆ. ಆಮೇಲೆ ಅದನ್ನು ಎತ್ತಿಕೊಂಡು, ಕಾರಿನೊಳಗೆ ಮಂಡಿಯೂರಿ ಕೂತು, ಒಳಮೈಗೆ ಅಂಟಿಸಬೇಕು. ರಬ್ಬರ್ ಪಟ್ಟಿ ಗಾಜಿನ ನಡುವಿನಿಂದ ಅಂಚಿನ ಕಡೆಗೆ ಸರಿಯುತ್ತದೆ, ಒಳಗಿದ್ದ ನೀರು ಜಾರಿ ಟವೆಲ್ಲಿಗೆ ಇಳಿಯುತ್ತದೆ. ಕಡೆಯಲ್ಲಿ ಕಣ್ಣು ಮುಚ್ಚಿ ಇಡೀ ಗಾಜನ್ನು ಬೆರಳ ತುದಿಯಿಂದ ಸವರುತ್ತಾರೆ.

“ಕಣ್ಣಿಗೆ ಮೋಸ ಆಗುತ್ತೆ, ಬೆರಳಿಗೆ ಆಗಲ್ಲ” ಎಂದು ಕಾರಿನಿಂದ ಇಳಿದು ಸೊಂಟ ನೀವಿಕೊಳ್ಳುತ್ತಾರೆ. “ಐವತ್ತಾರು ತುಂಬ್ತು. ಮಂಡಿ ಮಾತ್ರ ಎಪ್ಪತ್ತರ ಲೆಕ್ಕದಲ್ಲಿದೆ.”

ಮೂವತ್ತೊಂದು ವರ್ಷದಿಂದ ಬೀಶಿಯಾ ಕಾರಿನ ಗಾಜುಗಳಿಗೆ ಫಿಲ್ಮ್ ಅಂಟಿಸುವ ಈ ಅಂಗಡಿಯಲ್ಲಿದ್ದಾರೆ. ಓಣಿಗೆಲ್ಲ ಅವರು ಶಿಯಾ ಅಕ್ಕ. ನಮ್ಮ ತೈವಾನಿನಲ್ಲಿ ಹೊಸ ಕಾರು ಕೊಂಡವರು ಸೀಟಿನಲ್ಲಿ ಕೂರುವುದಕ್ಕೆ ಮೊದಲೇ ಗಾಜಿಗೆ ಫಿಲ್ಮ್ ಹಾಕಿಸುತ್ತಾರೆ. ಹಾಕಿಸದಿದ್ದರೆ ಜುಲೈ ಬಿಸಿಲಿನಲ್ಲಿ ಸ್ಟೀರಿಂಗ್ ಹಿಡಿಯಲು ಕೈಗೆ ಬಟ್ಟೆ ಸುತ್ತಿಕೊಳ್ಳಬೇಕು. ಕಾರು ಮಾರಿದವನ ಹೆಸರು ಜನಕ್ಕೆ ನೆನಪಿರುತ್ತದೆ, ಪೂಜೆ ಮಾಡಿದ ದೇವಸ್ಥಾನವೂ ನೆನಪಿರುತ್ತದೆ. ಗಾಜಿಗೆ ಫಿಲ್ಮ್ ಅಂಟಿಸಿದ ಕೈ ಯಾರದು ಎಂದು ಕೇಳಿ ನೋಡಿ, ತಲೆ ಕೆರೆದುಕೊಳ್ಳುತ್ತಾರೆ.

ಈ ವಾರ ಉಸಿರಾಡಲೂ ಬಿಡುವಿಲ್ಲ. ಚಾಂದ್ರಮಾನದ ಆರನೆಯ ತಿಂಗಳು ಮುಗಿಯಲು ಇನ್ನು ಎರಡೇ ದಿನ. ಏಳನೆಯದು ದಿಕ್ಕಿಲ್ಲದ ಪ್ರೇತಗಳ ತಿಂಗಳು, ಆಗ ಹೊಸ ಕಾರನ್ನು ಯಾರೂ ಮನೆಗೆ ತರುವುದಿಲ್ಲ. ಎಲ್ಲರಿಗೂ ಅದಕ್ಕೆ ಮೊದಲೇ, ಪಂಚಾಂಗ ನೋಡಿ ತೆಗೆದ ಗಳಿಗೆಯಲ್ಲೇ, ಕಾರು ಕೈಸೇರಬೇಕು. ಮಾಮೂಲಿ ದಿನಗಳಲ್ಲಿ ಎರಡು ಕಾರು ಮುಗಿಸುವ ಬೀಶಿಯಾ ಈಗ ದಿನಕ್ಕೆ ನಾಲ್ಕು ಮುಗಿಸುತ್ತಿದ್ದಾರೆ. ಒಂದು ಕಾರಿಗೆ ಎಂಟು ಗಾಜು, ಒಂದೊಂದು ಗಾಜಿಗೆ ಬ್ಲೇಡಿನ ಹೊಸ ಮೊನೆ, ದಿನಕ್ಕೆ ಎರಡು ಬಕೆಟ್ ಸಾಬೂನು ನೀರು. ಆಮೇಲೆ ಬರುವ ತಿಂಗಳು ವರ್ಷದಲ್ಲೇ ಅತಿ ಬಿಸಿಲಿನದು. ಶಾಖ ತಡೆಯುವ ಫಿಲ್ಮ್ ಅಂಟಿಸುವವರು ಆ ಇಡೀ ತಿಂಗಳು ಕೈಕಟ್ಟಿ ಕೂರುತ್ತಾರೆ.

ಆದರೆ ಎರಡು ದಿನದಿಂದ ಬೀಶಿಯಾಗೆ ಊಟ ಸೇರದಿರಲು ಕಾರಣ ಈ ಗಡಿಬಿಡಿಯಲ್ಲ. ಇವತ್ತು ಹತ್ತು ಗಂಟೆಗೆ ಚಿಯು ಶುಯ್‌ಮುವಿನ ಮಗ ತನ್ನ ಹೊಸ ಕಾರಿಗೆ ಫಿಲ್ಮ್ ಆರಿಸಲು ಬರುವವನಿದ್ದಾನೆ. ಆ ಹುಡುಗ ಯಾವ ಫಿಲ್ಮ್ ಆರಿಸುತ್ತಾನೆ ಎನ್ನುವುದೊಂದೇ ಅವರ ತಲೆಯಲ್ಲಿ ಕೊರೆಯುತ್ತಿದೆ. ಯಾಕೆ ಎಂದು ತಿಳಿಯಬೇಕಾದರೆ ಮೊದಲು ಅವರ ಅಂಗಡಿಯ ದೀಪದ ಪೆಟ್ಟಿಗೆಯನ್ನು ನೋಡಬೇಕು.

ಮೇಜಿನ ಮೇಲೆ ಒಂದು ಮರದ ಪೆಟ್ಟಿಗೆ ಇದೆ. ಒಳಗೆ ಕೋಳಿಮರಿಗಳಿಗೆ ಕಾವು ಕೊಡುವಂಥ ಕೆಂಪು ದೀಪ, ಮುಂದೆ ಗಾಜಿನ ತುಂಡುಗಳನ್ನು ಸಿಕ್ಕಿಸುವ ಸಂದು. ಒಂದು ತುಂಡಿಗೆ ಅಗ್ಗದ ಕಡುಕಪ್ಪು ಫಿಲ್ಮ್ ಅಂಟಿಸಿದೆ, ಇನ್ನೊಂದಕ್ಕೆ ಹೆಚ್ಚುಕಡಿಮೆ ಬರಿಗಾಜಿನಂತೆ ಕಾಣುವ ತಿಳಿ ಫಿಲ್ಮ್. ಬಂದ ಗಿರಾಕಿ ಒಂದೊಂದರ ಹಿಂದೆಯೂ ಕೈ ಹಿಡಿದು ನೋಡಬೇಕು. ಮಾತು ಅದಾದ ಮೇಲೆ.

ಎಂಟೂವರೆಗೆ ಬಂದ ಹೇರ್ ಸಲೂನಿನ ಒಡತಿ ಫಾಂಗ್ ಲಿಂಗ್ ಕುರ್ಚಿ ಎಳೆದುಕೊಂಡು ಕೂರುತ್ತಾರೆ. “ಅಕ್ಕ, ನನಗೆ ಕಪ್ಪುದೇ ಹಾಕು. ಈ ಮುಖಕ್ಕೆ ಎಷ್ಟು ಕ್ರೀಮ್ ಸುರಿದಿದೀನಿ ನಿನಗೇನು ಗೊತ್ತು.”

“ಕ್ರೀಮಿಗೂ ಕಪ್ಪಿಗೂ ಏನು ಸಂಬಂಧ? ಕೈ ಇಡು ಇಲ್ಲಿ.”

ಕಪ್ಪು ಗಾಜಿನ ಹಿಂದೆ ಕೈಯಿಟ್ಟ ಫಾಂಗ್ ಲಿಂಗ್ ಹತ್ತು ಎಣಿಸುವುದರೊಳಗೆ ಕೈ ಎಳೆದುಕೊಳ್ಳುತ್ತಾರೆ. ತಿಳಿ ಗಾಜಿನ ಹಿಂದೆ ಅರ್ಧ ನಿಮಿಷ ಇಟ್ಟುಕೊಂಡು ಕೂತೇ ಇರುತ್ತಾರೆ. “ಇದೇನಕ್ಕ, ಕಾಣೋದು ಏನೂ ಇಲ್ಲ, ಸುಡೋದೂ ಇಲ್ಲ.”

“ಬೆಳಕು ಬೇರೆ, ಶಾಖ ಬೇರೆ. ಈ ಕರೀದು ಬೆಳಕನ್ನ ತಡೆಯುತ್ತೆ, ಶಾಖಾನ ಒಳಗೆ ಬಿಡುತ್ತೆ. ತಿಳೀದು ಶಾಖಾನ ಆಚೆ ನಿಲ್ಸುತ್ತೆ, ನಿನ್ನ ಕಣ್ಣಿಗೆ ಬೇಕಾದ್ದನ್ನ ಬಿಡುತ್ತೆ. ಕಪ್ಪಾದ್ರೆ ತಂಪು ಅಂತ ಯಾರು ಹೇಳ್ಕೊಟ್ರು ನಿಮಗೆಲ್ಲ?”

“ಎಲ್ಲರೂ ಹಂಗೇ ಅಂತಾರಪ್ಪ.”

“ಎಲ್ಲರೂ ಎಲ್ಲರೂ ಅಂತ ಹೋಗಿ ಎದುರಿನ ಅಂಗಡೀಲಿ ಹಾಕಿಸ್ಕೊತಾರೆ. ಸಾಯಂಕಾಲ ರಸ್ತೇಲಿ ಯಾರಿದಾರೆ ಯಾರಿಲ್ಲ ಅಂತ ಕಾಣಲ್ಲ.”

ಫಾಂಗ್ ಲಿಂಗ್ ತಿಳಿ ಫಿಲ್ಮಿಗೆ ಒಪ್ಪುತ್ತಾರೆ, “ನಿನ್ನ ಬಾಯಿಗೆ ಹೆದರಿ” ಎಂದು ಸೇರಿಸುತ್ತಾರೆ. ಹೀಗೆ ಒಪ್ಪುವವರು ಹತ್ತರಲ್ಲಿ ನಾಲ್ಕು ಮಂದಿ. ಉಳಿದ ಆರು ಮಂದಿ ದೀಪದ ಮುಂದೆ ಕೈ ಸುಟ್ಟುಕೊಂಡರೂ ಕಪ್ಪೇ ಬೇಕೆಂದು ರಸ್ತೆ ದಾಟುತ್ತಾರೆ. ಕಡುಕಪ್ಪು ಫಿಲ್ಮಿನ ಉರುಳೆ ಬೀಶಿಯಾರ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಇಲ್ಲ. ಪೆಟ್ಟಿಗೆಯಲ್ಲಿರುವ ಆ ಅಂಗೈಯಗಲದ ತುಂಡೊಂದೇ ಉಳಿದಿರುವುದು.

ಕೆಲಸದಲ್ಲಿ ಅವರು ಹತ್ತಿಯ ಬಟ್ಟೆ ಹಾಕುವುದಿಲ್ಲ. ಹತ್ತಿಯ ನೂಲು ಉದುರಿ ಫಿಲ್ಮಿಗೆ ಹಿಡಿದುಕೊಳ್ಳುತ್ತದೆ. ಹಾಕುವುದು ಜಾರುವ ಬಟ್ಟೆಯ, ನೀಲಿ ಪಟ್ಟೆಯ, ಶಾಲೆಯ ಆಟದ ಅಂಗಿ. ಮಕ್ಕಳ ಹಳೆಯ ಶಾಲಾ ಅಂಗಿಯನ್ನು ತಾಯಂದಿರು ಹರಿಯುವವರೆಗೂ ಹಾಕುವುದು ನಮ್ಮಲ್ಲಿ ಮಾಮೂಲು, ಅದನ್ನು ನೋಡಿ ಯಾರೂ ಏನೂ ಕೇಳುವುದಿಲ್ಲ. ಎದೆಯ ಮೇಲೆ ಹಳದಿ ದಾರದಲ್ಲಿ ಕಸೂತಿ ಮಾಡಿದ ಹೆಸರು ಜೊಂಗ್ ಯೂಜುನ್. ಇಂಥ ಅಂಗಿಗಳು ಮೂರಿದ್ದವು, ಎರಡು ಹರಿದು ಚಿಂದಿಯಾದವು. ಯೂಜುನ್ ಇದ್ದಿದ್ದರೆ ಈ ವರ್ಷ ಇಪ್ಪತ್ತೆಂಟು ತುಂಬುತ್ತಿತ್ತು.

ಹನ್ನೊಂದು ವರ್ಷದ ಹಿಂದೆ ಅಂಗಡಿ ನಡೆಸುತ್ತಿದ್ದವರು ಗಂಡಹೆಂಡತಿ ಇಬ್ಬರು. ಅಂಟಿಸುವ ಕೈ ಗಂಡ ಜೊಂಗ್ ರುಯ್‌ಫಾನದು, ಗಿರಾಕಿಗಳ ಜೊತೆ ಮಾತಾಡುವ ಬಾಯಿ ಬೀಶಿಯಾರದು. ಓಣಿಯ ಕೊನೆಯ ಮನೆಯ ಚಿಯು ಶುಯ್‌ಮು ತೋಫು ಮಾಡಿ ಪುಟ್ಟ ವ್ಯಾನಿನಲ್ಲಿ ಹೋಟೆಲುಗಳಿಗೆ ಹಾಕುತ್ತಿದ್ದ. ಆ ಬೇಸಿಗೆ ವ್ಯಾನಿನ ಸೆಕೆಗೆ ತೋಫು ಹುಳಿ ತಿರುಗುತ್ತಿದೆ ಎಂದು ಗೋಳಾಡಿಕೊಂಡು ಬಂದ. ಅಂಗಡಿಯ ಮೂಲೆಯಲ್ಲಿ ಕಡುಕಪ್ಪು ಫಿಲ್ಮಿನ ಉರುಳೆಯ ಕೊನೆ ಉಳಿದುಕೊಂಡಿತ್ತು, ಒಂದು ವ್ಯಾನಿಗೆ ಸರಿಯಾಗಿ ಸಾಲುವಷ್ಟು.

“ನಾನೇ ಅಂದೆ” ಎನ್ನುತ್ತಾರೆ ಬೀಶಿಯಾ. ಬಿಸಿನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಾರೆ, ಕುಡಿಯುತ್ತಿಲ್ಲ. “ಶುಯ್‌ಮು ಅಣ್ಣ, ಒಂದು ತುಂಡು ಮಿಕ್ಕಿದೆ, ಚೆನ್ನಾಗಿ ಕಪ್ಪಗಿದೆ, ಹಾಕಿಸ್ಕೊಳಿ, ಗುಹೆ ಒಳಗೆ ಕೂತಂಗಿರುತ್ತೆ ಅಂದೆ. ನಮ್ಮೆಜಮಾನ್ರು ಬೇಡ ಅಂದ್ರು. ಅದು ಶಾಖ ತಡೆಯಲ್ಲ, ಮುಂದಿನ ಬಾಗಿಲಿಗೆ ಅಷ್ಟು ಕಪ್ಪು ಹಾಕಲೇಬಾರದು ಅಂದ್ರು. ಮೂಲೇಲಿ ಬಿದ್ದಿರೋದು ಖಾಲಿ ಆಗ್ಲಿ, ನಿಮಗ್ಯಾಕೆ ಅಂತ ಅವರ ಬಾಯಿ ಮುಚ್ಚಿಸ್ದೆ. ನನಗೆ ಆಗ ಈ ದೀಪ, ಪೆಟ್ಟಿಗೆ, ಯಾವುದೂ ತಲೆಗೆ ಹೋಗ್ತಿರ್ಲಿಲ್ಲ. ಕಪ್ಪಾದ್ರೆ ತಂಪು ಅಂತಾನೇ ನಾನೂ ಅಂದ್ಕೊಂಡಿದ್ದೆ.”

ಮೂರು ವಾರದ ನಂತರ, ಬಿರುಗಾಳಿಯ ಅಂಚಿನ ಮಳೆ ಸುರಿಯುತ್ತಿದ್ದ ಒಂದು ಮುಸ್ಸಂಜೆ, ಶುಯ್‌ಮು ತೋಫು ಹಾಕಿ ವಾಪಸು ಬರುತ್ತಾ ದೊಡ್ಡ ರಸ್ತೆಯಿಂದ ಬಲಕ್ಕೆ ಓಣಿಯೊಳಗೆ ತಿರುಗಿಸಿದ. ಅವನ ಬಲಗಡೆ ಟ್ಯೂಷನ್ನಿನಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಹದಿನೇಳರ ಹುಡುಗಿಯನ್ನು ಅವನು ನೋಡಲಿಲ್ಲ. ಆ ಕಡೆ ತಿರುಗಿ ನೋಡಿದ್ದ, ಆದರೆ ಕಪ್ಪು ಗಾಜಿನಲ್ಲಿ ಏನೂ ಕಾಣಲಿಲ್ಲ. ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಯೂಜುನ್ ಹೋಗಿಬಿಟ್ಟಳು.

ಕಾಗದಪತ್ರಗಳಲ್ಲಿ ಮಳೆ ಎಂದು ಬರೆದಿದೆ, ಕತ್ತಲು ಎಂದು ಬರೆದಿದೆ. ಫಿಲ್ಮಿನ ಮಾತು ಎಲ್ಲೂ ಇಲ್ಲ. “ನನ್ನನ್ನ ಯಾರೂ ಕೇಳ್ಲಿಲ್ಲ. ನಾನಾಗೇ ಪೊಲೀಸ್ ಠಾಣೆಗೆ ಹೋಗಿ ಹೇಳ್ದೆ, ಆ ಗಾಜಿಗೆ ಫಿಲ್ಮ್ ಕೊಟ್ಟೋಳು ನಾನು ಅಂತ. ಬರ್ಕೊಳೋರು ಪೆನ್ನು ಎತ್ಲಿಲ್ಲ. ಮಗಳು ಹೋದ ದುಃಖದಲ್ಲಿ ಏನೋ ಮಾತಾಡ್ತಿದಾಳೆ ಅಂದ್ಕೊಂಡ್ರು, ನೀರು ಕೊಟ್ರು ಕುಡಿಯೋಕೆ. ಬೈದಿದ್ರೆ ಆಗ್ತಿತ್ತು. ಯಾರೂ ಬೈಯಲೇ ಇಲ್ಲ.”

ಏಳನೆಯ ದಿನದ ಕರ್ಮ ಮುಗಿದ ಮರುದಿನ ಬೆಳಿಗ್ಗೆ ಶುಯ್‌ಮು ಆ ವ್ಯಾನನ್ನು ಅಂಗಡಿಯ ಮುಂದೆ ತಂದು ನಿಲ್ಲಿಸಿದ. ತಲೆ ಎತ್ತದೆ, “ಶಿಯಾ, ಇದನ್ನ ತೆಗೆದುಬಿಡು” ಎಂದ. ರುಯ್‌ಫಾ ಎದ್ದು ಹಿತ್ತಲಿಗೆ ಹೋದ. ತೆಗೆದದ್ದು ಬೀಶಿಯಾ. ಹಬೆ ಹಿಡಿದು, ಉಗುರಿನಲ್ಲಿ ಅಂಚು ಎಬ್ಬಿಸಿ, ಎಳೆಎಳೆಯಾಗಿ ಕಿತ್ತು, ಗಾಜಿಗೆ ಕಚ್ಚಿಕೊಂಡಿದ್ದ ಅಂಟನ್ನು ಬ್ಲೇಡಿನಲ್ಲಿ ಕೆರೆದರು. ನಾಲ್ಕು ಗಂಟೆ ಹಿಡಿಯಿತು. ಶುಯ್‌ಮು ಅಷ್ಟು ಹೊತ್ತೂ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಬಲಗಡೆ ಬಾಗಿಲಿನ ಗಾಜು ಬರಿದಾದಾಗ ಬೀಶಿಯಾ ಅದರೊಳಗಿಂದ ಓಣಿಯನ್ನು ನೋಡಿದರು. ಎದುರುಮನೆಯ ಹೂಕುಂಡ, ಒಣಹಾಕಿದ್ದ ಬಟ್ಟೆಗಳ ಕ್ಲಿಪ್ಪುಗಳು, ಎಲ್ಲವೂ ಬಿಡಿಬಿಡಿಯಾಗಿ ಕಾಣಿಸಿದವು. ಅವರು ಅತ್ತದ್ದು ಅಂದೇ, ಅಲ್ಲೇ ಆ ಸೀಟಿನಲ್ಲೇ ಕೂತು.

ರುಯ್‌ಫಾ ಒಂದು ವರ್ಷ ಒಂದೂ ಮಾತಾಡದೆ ಕೆಲಸ ಮಾಡಿದ, ಹೆಂಡತಿಗೆ ಈ ವಿದ್ಯೆಯನ್ನೆಲ್ಲ ಕೈಹಿಡಿದು ಕಲಿಸಿದ, ಆಮೇಲೆ ಪಿಂಗ್‌ತುಂಗಿನ ಅಕ್ಕನ ಮನೆಗೆ ಹೋಗಿ ಅಲ್ಲೇ ಉಳಿದ. ಹಿರಿಯರ ಗೋರಿ ಸ್ವಚ್ಛಮಾಡುವ ಹಬ್ಬಕ್ಕೆ ಬರುತ್ತಾನೆ, ಮಗಳ ಕಲ್ಲು ತೊಳೆಯುತ್ತಾನೆ, ಊಟಕ್ಕೆ ನಿಲ್ಲದೆ ಹೊರಡುತ್ತಾನೆ. ಅವನ ಮೇಲೆ ಬೀಶಿಯಾಗೆ ಕೋಪವಿಲ್ಲ. “ನಾನು ಅಂದಿದ್ದೆ ನಿನಗೆ ಅಂತ ಒಂದು ಸಲ ಅಂದಿದ್ರೆ ಸಾಕಿತ್ತು” ಎನ್ನುತ್ತಾರೆ.

ಹತ್ತು ಗಂಟೆಗೆ ಸರಿಯಾಗಿ ಬರುತ್ತಾನೆ ಚಿಯು ಬೋಯಾನ್. ಇಪ್ಪತ್ತೇಳರ ಪ್ರಾಯ, ತಿರುಪು ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ, ನಗುಮುಖದ ಹುಡುಗ. ಚಿಕ್ಕವನಿದ್ದಾಗ ಯೂಜುನ್ ಹಿಂದೆ ಸೈಕಲ್ಲಿನಲ್ಲಿ ಕೂತು ಶಾಲೆಗೆ ಹೋಗುತ್ತಿದ್ದವನು. ಕಾರನ್ನು ಷೋರೂಮಿನವರು ಮಧ್ಯಾಹ್ನ ಕಳಿಸುತ್ತಾರೆ, ಅಷ್ಟರೊಳಗೆ ಫಿಲ್ಮ್ ಯಾವುದೆಂದು ತೀರ್ಮಾನವಾಗಬೇಕು. ನಾಳೆ ಮೂರರಿಂದ ಐದರ ನಡುವಿನ ಗಳಿಗೆಯಲ್ಲಿ ಕಾರು ಮನೆ ಸೇರಬೇಕೆಂದು ಅವನಮ್ಮ ದೇವಸ್ಥಾನದಲ್ಲಿ ಕೇಳಿಕೊಂಡು ಬಂದಿದ್ದಾರೆ.

“ಊಟ ಆಯ್ತೇನೋ?” ಬೀಶಿಯಾ ಕೇಳುತ್ತಾರೆ.

“ಆಯ್ತು ಚಿಕ್ಕಮ್ಮ. ಬೇರೆಲ್ಲೂ ಹೋಗ್ಬೇಡ, ಶಿಯಾ ಹತ್ರಾನೇ ಹೋಗು ಅಂದ್ರು ಅಪ್ಪ.”

ಆ ಮಾತಿಗೆ ಬೀಶಿಯಾರ ಮುಖ ಸ್ವಲ್ಪ ಅರಳುತ್ತದೆ. “ಹಾಗಾದ್ರೆ ಯಾವುದು ಅಂತಾನೂ ಅಪ್ಪ ಹೇಳಿರ್ಬೇಕು.”

“ಅದು ನಂದೇ. ಕಪ್ಪುದು ಚಿಕ್ಕಮ್ಮ. ಎಲ್ಲಕ್ಕಿಂತ ಕಪ್ಪು ಯಾವುದಿದೆಯೋ ಅದು.”

“ಯಾಕೋ?”

“ಮಧ್ಯಾಹ್ನ ಊಟ ಆದ್ಮೇಲೆ ಎಲ್ಲರೂ ಅವರವರ ಕಾರಲ್ಲಿ ಮಲಗ್ತೀವಿ. ಕಾರ್ಖಾನೆ ಮುಂದೆ ನೆರಳಿಲ್ಲ. ಸೆಕೇನೂ ಆಗ್ಬಾರ್ದು, ಯಾರಿಗೂ ಕಾಣ್ಲೂಬಾರ್ದು. ನನ್ನ ಫ್ರೆಂಡು ಬಾಯಿ ಬಿಟ್ಕೊಂಡು ಗೊರಕೆ ಹೊಡೀತಿದ್ದಾಗ ಯಾರೋ ಫೋಟೋ ತೆಗೆದು ಗ್ರೂಪಿಗೆ ಹಾಕಿದ್ರು. ಇವತ್ತಿಗೂ ಅವನನ್ನ ಹಿಪ್ಪೋ ಅಂತಾನೇ ಕರೆಯೋದು.”

ಬೀಶಿಯಾ ನಗುವುದಿಲ್ಲ. ದೀಪ ಹಾಕಿ ಅವನ ಮಣಿಕಟ್ಟು ಹಿಡಿದು ಕಪ್ಪು ಗಾಜಿನ ಹಿಂದೆ ಇಡುತ್ತಾರೆ. ಅವನು ಒಂಬತ್ತರವರೆಗೆ ಎಣಿಸಿ ಕೈ ತೆಗೆಯುತ್ತಾನೆ. ತಿಳಿ ಗಾಜಿನ ಹಿಂದೆ ನಲವತ್ತರವರೆಗೆ ಎಣಿಸಿ, ಬೇಸರವಾಗಿ ನಿಲ್ಲಿಸುತ್ತಾನೆ.

“ಯಾವುದು ತಂಪು?”

“ಇದೇ ತಂಪು. ನಿಜ.” ಅವನು ಕೈ ನೀವಿಕೊಳ್ಳುತ್ತಾನೆ. “ಆದ್ರೂ ಕಪ್ಪುದೇ ಇರ್ಲಿ ಚಿಕ್ಕಮ್ಮ.”

“ಹಿಂದಿನ ಗಾಜಿಗೆ ಪರದೆ ಕಟ್ಕೊ. ಮಲಗೋವಾಗ ಮುಂದಿನ ಗಾಜಿಗೆ ರಟ್ಟು ಇಟ್ಕೊ, ನಾನೇ ಅಳತೆಗೆ ಕತ್ತರಿಸಿ ಕೊಡ್ತೀನಿ. ಮುಂದಿನ ಎರಡು ಬಾಗಿಲಿಗೆ ಮಾತ್ರ ತಿಳೀದು ಹಾಕ್ತೀನಿ. ಮುಸ್ಸಂಜೇಲಿ, ಮಳೇಲಿ, ಆ ಕಪ್ಪಿನ ಒಳಗಿಂದ ಏನೂ ಕಾಣಲ್ಲ ಬೋಯಾನ್. ನಿನಗೆ ನಾನು ಬಿಡಿಸಿ ಹೇಳ್ಬೇಕಾ?”

ಹುಡುಗನ ಮುಖದ ನಗು ಇಳಿಯುತ್ತದೆ. ಮಾತು ಮಾತ್ರ ಮೆತ್ತಗೇ ಇದೆ. “ಅವತ್ತು ಮಳೆ ಇತ್ತು ಚಿಕ್ಕಮ್ಮ. ಯಾವ ಗಾಜಾಗಿದ್ರೂ ಕಾಣ್ತಿರ್ಲಿಲ್ಲ.”

ಚಿಯು ಮನೆಯಲ್ಲಿ ಹನ್ನೊಂದು ವರ್ಷದಿಂದ ಮಾತು ಇಷ್ಟೇ, ಮಳೆ ಇತ್ತು. ಆ ಮಾತನ್ನು ಹಿಡಿದುಕೊಂಡೇ ಆ ಮನೆಯವರು ಬದುಕಿದ್ದಾರೆ, ಅದಕ್ಕೆ ಅವರನ್ನು ದೂರಿ ಫಲವಿಲ್ಲ. ಇವತ್ತು ಬೋಯಾನ್ ತಿಳಿ ಗಾಜನ್ನು ಆರಿಸಿದರೆ ಮಳೆಯದಲ್ಲ ತಪ್ಪು ಎಂದು ಒಪ್ಪಿದಂತೆ ಆಗುತ್ತದೆ. ಅಪ್ಪನನ್ನು ಹಾಗೆ ಬಿಟ್ಟುಕೊಡಲು ಯಾವ ಮಗನಿಗೆ ಮನಸ್ಸು ಬರುತ್ತದೆ? ಬೀಶಿಯಾಗೆ ಇದು ತಿಳಿಯದ ವಿಷಯವಲ್ಲ.

ಅಷ್ಟರಲ್ಲಿ ಶುಯ್‌ಮುವಿನ ತೋಫು ವ್ಯಾನು ಓಣಿಯೊಳಗೆ ಬಂದು ಅಂಗಡಿಯ ಎದುರು ನಿಲ್ಲುತ್ತದೆ. ಅದೇ ವ್ಯಾನು. ಅದರ ಗಾಜುಗಳು ಅಂದಿನಿಂದ ಬರಿಗಾಜುಗಳೇ. ಈ ಬಿಸಿಲಿಗೆ, ಕಿಟಕಿಯ ಕಡೆಗಿರುವ ಶುಯ್‌ಮುವಿನ ಎಡತೋಳು ಸುಟ್ಟು ಬಲತೋಳಿಗಿಂತ ಎರಡು ಪಟ್ಟು ಕಪ್ಪಾಗಿದೆ. ತೋಫುವಿನ ಮೇಲೆ ಒದ್ದೆಬಟ್ಟೆ ಹೊದಿಸಿ, ಗಂಟೆಗೊಮ್ಮೆ ನಿಲ್ಲಿಸಿ, ಐಸು ಬದಲಾಯಿಸಿಕೊಂಡು ಓಡಾಡುತ್ತಾನೆ. ಅಪ್ಪನಿಗೆ ಕಾಸು ಬಿಚ್ಚಲು ಮನಸ್ಸಿಲ್ಲ, ಅದಕ್ಕೇ ಫಿಲ್ಮ್ ಹಾಕಿಸುವುದಿಲ್ಲ ಎಂದು ಬೋಯಾನ್ ಎಲ್ಲರ ಹತ್ತಿರ ಹೇಳಿಕೊಂಡು ನಗುತ್ತಾನೆ. ಕಾರಣ ಗೊತ್ತಿರುವವರು ಇಬ್ಬರೇ.

ಬೀಶಿಯಾ ಬಾಗಿಲಿಗೆ ಬರುತ್ತಾರೆ. “ಶುಯ್‌ಮು ಅಣ್ಣ, ಇವನು ಕಪ್ಪುದು ಬೇಕು ಅಂತಿದಾನೆ.”

ಶುಯ್‌ಮು ವ್ಯಾನಿನ ಹಿಂಬಾಗಿಲು ತೆರೆದು ಒದ್ದೆಬಟ್ಟೆ ಸರಿಮಾಡುತ್ತಾನೆ. ಸರಿಯಾಗಿಯೇ ಇದ್ದ ಬಟ್ಟೆ.

“ನಾನು ಹೇಳಿದ್ದು ಅವನಿಗೆ ನಾಟಲ್ಲ. ನೀವು ಒಂದು ಮಾತು ಹೇಳಿ ಅಣ್ಣ. ಒಂದೇ ಮಾತು. ನಿಮ್ಮ ವ್ಯಾನಿಗೆ ಯಾಕೆ ಹಾಕ್ಸಿಲ್ಲ ಅಂತ ಹೇಳಿ ಸಾಕು.”

ಮಗ ಒಳಗಿನಿಂದ ನೋಡುತ್ತಿದ್ದಾನೆ. ಶುಯ್‌ಮುವಿನ ಬಾಯಿ ಒಮ್ಮೆ ತೆರೆಯುತ್ತದೆ. ಹನ್ನೊಂದು ವರ್ಷ ಎರಡು ಮನೆಗಳ ನಡುವೆ ಇದ್ದ ಮಾತು ಈಗ ಬಂತು ಎಂದು ಬೀಶಿಯಾ ಕಾಯುತ್ತಾರೆ. ಶುಯ್‌ಮು ಎರಡು ತುಂಡು ತೋಫುವನ್ನು ಚೀಲಕ್ಕೆ ಹಾಕಿ ಅವರ ಕೈಗಿಡುತ್ತಾನೆ.

“ಅವನ ಕಾರು, ಅವನಿಷ್ಟ” ಎನ್ನುತ್ತಾನೆ. “ಇವತ್ತಿಂದೇ, ಬೇಗ ಸಾರು ಮಾಡ್ಕೊ. ಈ ಸೆಕೆಗೆ ತಡೆಯಲ್ಲ.”

ವ್ಯಾನು ಹೋದ ಮೇಲೂ ಬೀಶಿಯಾ ಚೀಲ ಹಿಡಿದುಕೊಂಡು ಬಾಗಿಲಲ್ಲೇ ನಿಂತಿರುತ್ತಾರೆ. ಬೋಯಾನ್ ಹೊರಬಂದು, ತಲೆ ಬಗ್ಗಿಸಿ, “ಬೇಜಾರ್ ಮಾಡ್ಕೋಬೇಡಿ ಚಿಕ್ಕಮ್ಮ, ನಿಮ್ಮಲ್ಲಿ ಆ ಉರುಳೆ ಇಲ್ಲವಲ್ಲ” ಎಂದು ಹೇಳಿ ರಸ್ತೆ ದಾಟಿ ಎದುರಿನ ಅಂಗಡಿಗೆ ಹೋಗುತ್ತಾನೆ. ಒರಟಾಗಿ ಹೋಗಿದ್ದರೆ ಬೀಶಿಯಾ ಅವನನ್ನು ಬೈದು ಹಗುರಾಗಬಹುದಿತ್ತು. ಒಳ್ಳೆಯ ಹುಡುಗ, ಅದೇ ಕಷ್ಟ.

ಮಧ್ಯಾಹ್ನ ಅವರು ಇನ್ನೆರಡು ಕಾರು ಮುಗಿಸುತ್ತಾರೆ. ಕೈ ಎಂದಿನಂತೆಯೇ ನಡೆಯುತ್ತದೆ, ಒಂದು ಗುಳ್ಳೆಯಿಲ್ಲ, ಒಂದು ಕಣ ಧೂಳಿಲ್ಲ. ಫಾಂಗ್ ಲಿಂಗ್‌ರ ಕಾರಿನ ಹಿಂದಿನ ಗಾಜಿಗೆ ಬಿಸಿಗಾಳಿ ಹಿಡಿದಿರುವಾಗ ಇದ್ದಕ್ಕಿದ್ದಂತೆ ಹೇಳುತ್ತಾರೆ. “ಹನ್ನೊಂದು ವರ್ಷದಲ್ಲಿ ಸಾವಿರಾರು ಜನಕ್ಕೆ ಬೇಡ ಅಂತ ಹೇಳಿದೀನಿ. ಇವನೊಬ್ಬ ಕೇಳಿದ್ರೆ ಸಾಕಿತ್ತು. ಉಳಿದೋರಿಗೆ ಹೇಳಿದ್ದೆಲ್ಲ ಇವನಿಗೆ ಹೇಳೋಕೆ ಅಭ್ಯಾಸ ಮಾಡ್ಕೊಂಡಂಗೆ ಇತ್ತು ಅಂತ ಇವತ್ತು ಅನ್ನಿಸ್ತಿದೆ. ಅಭ್ಯಾಸ ಮಾಡಿದ್ದೇ ಬಂತು.”

ಇಂಥ ಲೇಖನಗಳಲ್ಲಿ ಇಲ್ಲಿ ಒಂದು ಸಮಾಧಾನದ ಮಾತು ಬರಬೇಕು. ಅವರ ಎಚ್ಚರಿಕೆಯಿಂದ ಎಷ್ಟು ಜೀವ ಉಳಿದಿರಬಹುದು ಎಂದು ಬರೆಯಬೇಕು. ಬೀಶಿಯಾ ಆ ಲೆಕ್ಕಕ್ಕೆ ಒಪ್ಪುವುದಿಲ್ಲ. ಆಗದೆ ಉಳಿದ ಅಪಘಾತ ಯಾರ ಕಣ್ಣಿಗೂ ಬೀಳುವುದಿಲ್ಲ, ಆದದ್ದೊಂದು ಮಾತ್ರ ದಿನವೂ ಕಾಣುತ್ತದೆ ಎನ್ನುತ್ತಾರೆ. ಮಲಗಲು ಹೋಗುವಾಗ ಆ ಮುಸ್ಸಂಜೆಯ ಮಳೆಯನ್ನು ಒಮ್ಮೆ ಮನಸ್ಸಿನಲ್ಲೇ ವ್ಯಾನಿನ ಒಳಗೆ ಕೂತು ನೋಡುತ್ತಾರಂತೆ, ಬರಿಗಾಜಿನಲ್ಲಿ. ಸೈಕಲ್ಲು ಕಾಣಿಸುತ್ತದಂತೆ.

ಮರುದಿನ ಮೂರೂವರೆಗೆ, ಗಳಿಗೆ ತಪ್ಪದಂತೆ, ಬೋಯಾನ್‌ನ ಕಾರು ಓಣಿಗೆ ಬರುತ್ತದೆ. ಮುಂದೆ ಕೆಂಪು ರಿಬ್ಬನ್ನಿನ ದೊಡ್ಡ ಗಂಟು. ಓಣಿಯವರೆಲ್ಲ ಸುತ್ತ ನೆರೆದು ಬಾನೆಟ್ಟು ಸವರುತ್ತಾರೆ, ಸೀಟಿನ ಮೇಲೆ ಕೂತು ಏಳುತ್ತಾರೆ. ಬೋಯಾನ್‌ನ ಅಮ್ಮ ಎಲ್ಲರಿಗೂ ಸಿಹಿ ಹಂಚುತ್ತಾರೆ. ಶುಯ್‌ಮು ಗೋಡೆಗೆ ಒರಗಿ ನಿಂತಿದ್ದಾನೆ. ಕಾರಿನ ಆರೂ ಪಕ್ಕದ ಗಾಜುಗಳಲ್ಲಿ ನೋಡುವವರ ಮುಖಗಳೇ ಕಾಣುತ್ತವೆ, ಒಳಗೆ ಯಾರಿದ್ದಾರೆ ಎಂಬುದು ಕಾಣುವುದಿಲ್ಲ.

ಬೀಶಿಯಾ ಕೈ ತೊಳೆದು, ಅಂಗಿ ಬದಲಿಸಿ ಬರುತ್ತಾರೆ. ರಿವಾಜಿನಂತೆ ಹಣವಿಟ್ಟ ಕೆಂಪು ಲಕೋಟೆ ಕೊಟ್ಟು ಶುಭ ಕೋರುತ್ತಾರೆ. ಆಮೇಲೆ ಎಲ್ಲರೂ ಸಿಹಿಯ ಕಡೆ ತಿರುಗಿದಾಗ ಹುಡುಗನ ತೋಳು ಹಿಡಿದು ತಗ್ಗಿದ ದನಿಯಲ್ಲಿ, “ಆಗಿದ್ದು ಆಯ್ತು. ಓಣಿಗೆ ತಿರುಗೋವಾಗ ಬಲಗಡೆ ಗಾಜು ಇಳಿಸಿ ನೋಡ್ಕೊ. ಅಷ್ಟು ಮಾಡು” ಎನ್ನುತ್ತಾರೆ.

ಬೋಯಾನ್ ಬಾಗಿಲು ತೆರೆದು ಗುಂಡಿಗಳನ್ನು ತೋರಿಸುತ್ತಾನೆ. ನಾಲ್ಕರ ಮೇಲೂ ಹಳದಿ ಪಟ್ಟಿ ಅಂಟಿಸಿ, ಐದು ದಿನ ಗಾಜು ಇಳಿಸಬಾರದು ಎಂದು ಬರೆದಿದೆ. “ಒಣಗೋ ಮುಂಚೆ ಇಳಿಸಿದ್ರೆ ಫಿಲ್ಮ್ ಎದ್ದು ಬರುತ್ತಂತಲ್ಲ ಚಿಕ್ಕಮ್ಮ.”

ಕೆಲಸದ ನಿಯಮವೇ ಅದು. ಬೀಶಿಯಾರೇ ಮೂವತ್ತೊಂದು ವರ್ಷದಿಂದ ಪ್ರತಿ ಗಿರಾಕಿಗೂ ಅದನ್ನೇ ಹೇಳಿ, ಅದೇ ಪಟ್ಟಿಯನ್ನು ಅಂಟಿಸಿ ಕಳಿಸಿದವರು. ತಲೆಯಾಡಿಸಿ ಅಂಗಡಿಗೆ ವಾಪಸಾಗುತ್ತಾರೆ.

ಐದೂವರೆಗೆ ಮೋಡ ಕಟ್ಟುತ್ತದೆ, ಆರಕ್ಕೆ ಮಳೆ ಹಿಡಿಯುತ್ತದೆ. ಬೋಯಾನ್ ಅಮ್ಮನನ್ನು ಕೂರಿಸಿಕೊಂಡು ಅಜ್ಜಿಗೆ ಕಾರು ತೋರಿಸಲು ಹೋಗಿದ್ದಾನೆ. ಅವನು ಹೋದಾಗಿನಿಂದ ಬೀಶಿಯಾ ಕೆಲಸಕ್ಕೆ ಕೈ ಹಚ್ಚಿಲ್ಲ. ಛತ್ರಿ ಹಿಡಿದು ಓಣಿಯ ಬಾಯಿಯಲ್ಲಿ, ದೊಡ್ಡ ರಸ್ತೆ ತಿರುಗುವ ಮೂಲೆಯಲ್ಲಿ ನಿಂತಿದ್ದಾರೆ. ಟ್ಯೂಷನ್ನಿಗೆ ಹೋಗಿದ್ದ ಮಕ್ಕಳು ಮಳೆಕೋಟು ಹಾಕಿಕೊಂಡು ಸೈಕಲ್ಲುಗಳಲ್ಲಿ ಬರತೊಡಗುತ್ತಾರೆ. ಒಂದೊಂದು ಸೈಕಲ್ಲು ಬಂದಾಗಲೂ ಬೀಶಿಯಾ ಕೈಯೆತ್ತಿ ನಿಧಾನ ನಿಧಾನ ಎನ್ನುತ್ತಾರೆ. ಒಬ್ಬಳು ಹುಡುಗಿ ಆಚೆಯವಳಿಗೆ ಈ ಆಂಟಿ ಯಾರೇ ಎಂದು ಕೇಳಿಕೊಂಡು ಹೋಗುತ್ತಾಳೆ.

ಹೊಸ ಕಾರು ಬರುತ್ತದೆ. ಬಲಕ್ಕೆ ತಿರುಗಲು ವೇಗ ತಗ್ಗಿಸುತ್ತದೆ, ಬೀಶಿಯಾ ನಿಂತ ಜಾಗದಿಂದ ಒಂದು ಮಾರು ದೂರದಲ್ಲಿ ಹಾದುಹೋಗುತ್ತದೆ. ಗಾಜು ಇಳಿಯುವುದಿಲ್ಲ. ಒಳಗಿನವರು ಅವರನ್ನು ನೋಡಿ ಕೈಬೀಸಿದರೋ, ಅವರು ಅಲ್ಲಿದ್ದದ್ದೇ ಕಾಣಲಿಲ್ಲವೋ, ಹೊರಗಿನಿಂದ ಹೇಳುವ ಬಗೆಯಿಲ್ಲ. ಇವತ್ತು ಏನೂ ಆಗಲಿಲ್ಲ. ಮಳೆ ಇನ್ನೂ ಎರಡು ತಿಂಗಳು ಇದೆ, ಕಾರು ಹತ್ತು ವರ್ಷ ಓಡುತ್ತದೆ.

ಛತ್ರಿ ಮಡಿಸಿ ಅಂಗಡಿಯ ಮೆಟ್ಟಿಲ ಮೇಲೆ ಕೂತ ಬೀಶಿಯಾರನ್ನು, ನಿಮಗೆ ಏನಾದರೂ ಆಸೆ ಇದೆಯೇ ಎಂದು ಕೇಳಿದರೆ, ಒದ್ದೆಯಾದ ಚಪ್ಪಲಿಗಳನ್ನು ಕಳಚಿ ಪಕ್ಕಕ್ಕಿಡುತ್ತಾರೆ.

“ನನಗೇನು ಆಸೆ” ಎನ್ನುತ್ತಾರೆ. “ಆ ಹುಡುಗ ಐದು ದಿನ ಕಾಯದೇ ನಾಳೇನೇ ಆ ಪಟ್ಟಿ ಕಿತ್ತು ಗಾಜು ಇಳಿಸ್ಲಿ. ಫಿಲ್ಮು ಪೂರ್ತಿ ಹಾಳಾಗ್ಲಿ. ಈ ಓಣೀಲಿ ಇದನ್ನ ಗೀರಿಲ್ದೆ ಕಿತ್ತು ತೆಗೆಯೋ ಕೈ ನಂದೊಂದೇ. ಒಂದು ಸಲ ತೆಗೆದಿದೀನಿ.”